ಸೈಟಿನ ದರದಲ್ಲಿ ಅಡಗಿ ಕೂತ ಫೀಜು

ಬಳ್ಳಾರಿಯಲ್ಲಿ ಸೈಟು ಮಾರುವವರು ಈಗ ನೀರು, ಚರಂಡಿಗಳ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಸಿರುಗುಪ್ಪ ರಸ್ತೆಯಿರಲಿ, ಮೋಕಾ ರಸ್ತೆಯಿರಲಿ, ಅವರ ಮೊದಲ ಮಾತು ಒಂದೇ: 'ಇಂಗ್ಲಿಷ್ ಮೀಡಿಯಂ ಸ್ಕೂಲು ಇಲ್ಲಿಂದ ಎರಡೇ ನಿಮಿಷ ಸಾರ್.' ಆ ಎರಡು ನಿಮಿಷಕ್ಕೆ ಲಕ್ಷಗಳ ಲೆಕ್ಕದಲ್ಲಿ ಬೆಲೆಯಿದೆ. ಶಾಲೆಯವರು ರಶೀದಿ ಕೊಟ್ಟು ವಸೂಲು ಮಾಡುವ ಫೀಜಿನ ಬಗ್ಗೆ ನಾವು ಗಲಾಟೆ ಮಾಡುತ್ತೇವೆ. ರಶೀದಿಯೇ ಇಲ್ಲದೆ ಸೈಟಿನ ದರದಲ್ಲಿ, ಮನೆ ಬಾಡಿಗೆಯಲ್ಲಿ, ಅಡ್ವಾನ್ಸಿನಲ್ಲಿ ವಸೂಲಾಗುವ ಇನ್ನೊಂದು ಫೀಜಿನ ಬಗ್ಗೆ ಯಾರೂ ಚಕಾರವೆತ್ತುವುದಿಲ್ಲ.

ಇದು ಬಳ್ಳಾರಿಯೊಂದರ ಕತೆಯಲ್ಲ. ಅಮೆರಿಕದ ಬಾಸ್ಟನ್ ಸುತ್ತಲಿನ ಉಪನಗರಗಳ ಮನೆಗಳ ಬಗ್ಗೆ ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಾಲೆಯ ಸರಹದ್ದಿನ ಗೆರೆಯ ಆಚೆ ಈಚೆ ಇರುವ ಮನೆಗಳನ್ನು ಹೋಲಿಸಿ ನೋಡಿದಾಗ, ಶಾಲೆಯ ಪರೀಕ್ಷಾ ಅಂಕ ಶೇ. 5ರಷ್ಟು ಹೆಚ್ಚಿದ್ದರೆ ತಂದೆತಾಯಿಗಳು ಮನೆಗೆ ಸುಮಾರು ಶೇ. 2.5ರಷ್ಟು ಹೆಚ್ಚು ಹಣ ಕೊಡುತ್ತಿದ್ದರು. ಅಲ್ಲಿ ಮನೆಯ ವಿಳಾಸವೇ ಮಗುವಿನ ಸರಕಾರಿ ಶಾಲೆಯನ್ನು ನಿರ್ಧರಿಸುತ್ತದೆ. ನಮ್ಮಲ್ಲಿ ಅಂಥ ಗೆರೆಯಿಲ್ಲ, ಫೀಜು ಕಟ್ಟಿದರೆ ಯಾವ ಓಣಿಯ ಮಗುವೂ ಯಾವ ಶಾಲೆಗೂ ಹೋಗಬಹುದು ಎನ್ನುತ್ತಾರೆ. ಹೋಗಬಹುದು, ನಿಜ. ಆದರೆ ತಿಂಗಳ ಆಟೋ ಬಾಡಿಗೆ ಯಾರು ಕೊಡಬೇಕು? ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಆರು ವರ್ಷದ ಹುಡುಗಿ ಎಷ್ಟು ದೂರ ನಡೆಯಬೇಕು? ಗೆರೆಯನ್ನು ಸರಕಾರ ಎಳೆಯದಿದ್ದರೇನು, ಜೇಬು ಎಳೆಯುತ್ತದೆ.

ಸಿರುಗುಪ್ಪ, ಕುರುಗೋಡುಗಳ ಕಡೆ ನೋಡಿ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ರೈತ ಊರಿನ ಶಾಲೆಯ ಮೇಲೆ ನಂಬಿಕೆ ಕಳೆದುಕೊಂಡು ಬಳ್ಳಾರಿಯಲ್ಲಿ ಎರಡು ಕೋಣೆಯ ಮನೆ ಹಿಡಿಯುತ್ತಾನೆ. ಹೆಂಡತಿ, ಮಕ್ಕಳು ಇಲ್ಲಿ. ತಾನು, ಮುದಿ ತಾಯಿ ಅಲ್ಲಿ. ಸಂಸಾರ ಎರಡು ಒಲೆಯಾಗುತ್ತದೆ. ಸ್ವಲ್ಪ ಅನುಕೂಲವಿದ್ದವರು ಅರ್ಧ ಎಕರೆ ಮಾರಿ ಸೈಟು ಕೊಳ್ಳುತ್ತಾರೆ. ಅವರು ಬಂದಷ್ಟೂ ಇಲ್ಲಿ ದರ ಏರುತ್ತದೆ. ಅವರು ಬಿಟ್ಟು ಬಂದ ಊರಿನ ಶಾಲೆಯಲ್ಲಿ ಹಾಜರಿ ಇಳಿಯುತ್ತದೆ. ಹಾಜರಿ ಇಳಿದ ಶಾಲೆಗೆ ಮೇಷ್ಟ್ರನ್ನು ಕೊಡಲು ಇಲಾಖೆಗೂ ಮನಸ್ಸಿರುವುದಿಲ್ಲ. ಕುರುಗೋಡು ತಾಲೂಕು ಕೇಂದ್ರವಾಯಿತು, ಬೋರ್ಡು ಬದಲಾಯಿತು. ತಾಲೂಕು ಕಚೇರಿ ಬಂದ ಊರಿಗೆ ತಾಯಂದಿರು ನಂಬುವಂಥ ಶಾಲೆ ಬರಬಾರದೇ?

'ಬೇಡಿಕೆ ಇದ್ದಲ್ಲಿ ಬೆಲೆ ಏರುತ್ತದೆ, ಇದರಲ್ಲಿ ತಪ್ಪೇನು?' ಎಂದು ಕೇಳುವವರಿದ್ದಾರೆ. ಲೇಔಟಿಗೆ ಮಂಜೂರಾತಿ ಬೇಕಾದರೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡಬೇಕೆಂಬುದು ಕಾನೂನು. ಆ ಸೌಲಭ್ಯದ ಜಾಗ ಸಾರ್ವಜನಿಕರದು. ಅದನ್ನು ಗುತ್ತಿಗೆಗೆ ಪಡೆದು ಖಾಸಗಿ ಶಾಲೆ ಎದ್ದರೆ, ಸುತ್ತಲಿನ ಸೈಟುಗಳ ದರ ಏರಿದ ಲಾಭ ಯಾರದು? ಜಾಗ ಎಲ್ಲರದು, ಏರಿದ ದರ ಕೆಲವರದು. ಇದನ್ನು ಮಾರುಕಟ್ಟೆ ನಿಯಮವೆಂದು ನಾನು ಒಪ್ಪಲಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ಬಡಮಕ್ಕಳಿಗೆ ಮೀಸಲಿಟ್ಟಿತು. ಅಲ್ಲೂ ವಿಳಾಸದ್ದೇ ಕಾರುಬಾರು. ಒಳ್ಳೆಯ ಶಾಲೆಯೇ ಇಲ್ಲದ ಓಣಿಯ ಬಡವನಿಗೆ ಆ ಹಕ್ಕು ಕಾಗದದಲ್ಲೇ ಉಳಿಯಿತು. 2019ರಲ್ಲಿ ಕರ್ನಾಟಕ ಸರಕಾರ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದು ನಿಯಮ ತಿದ್ದಿತು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದ ಇಂಥದೇ ತಿದ್ದುಪಡಿಯನ್ನು ಬಾಂಬೆ ಹೈಕೋರ್ಟು 2024ರಲ್ಲಿ ರದ್ದುಪಡಿಸಿದ ಮೇಲಾದರೂ ನಮ್ಮವರು ಮರುಚಿಂತನೆ ಮಾಡಬಹುದಿತ್ತು. 2014ರ ಸುಪ್ರೀಂ ಕೋರ್ಟು ತೀರ್ಪಿನಿಂದ ಅಲ್ಪಸಂಖ್ಯಾತ ಸಂಸ್ಥೆಗಳೂ ಈ ಕಾಯ್ದೆಯ ಹೊರಗಿವೆ. ಇದನ್ನು ಗೆಲುವೆಂದು ನಮ್ಮ ಸಂಸ್ಥೆಗಳು ಬೀಗುವುದು ನನಗೆ ಹಿಡಿಸುವುದಿಲ್ಲ. ಮುಚ್ಚಿದ ಬಾಗಿಲಿನ ಹೊರಗೆ ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವ ದರ್ಜಿಯ ಮಗುವೂ ನಿಂತಿದೆ.

ಹಣವಿದ್ದರೂ ಮುಗಿಯುವುದಿಲ್ಲ. ಶಾಲೆ ಹತ್ತಿರದ ಬಡಾವಣೆಯಲ್ಲಿ ಬಾಡಿಗೆ ಮನೆ ಕೇಳಲು ಹೋದ ಮುಸ್ಲಿಮನಿಗೆ ಹೆಸರು ಹೇಳಿದ ತಕ್ಷಣ 'ಮನೆ ಆಗಲೇ ಕೊಟ್ಟಾಯಿತು' ಎಂಬ ಉತ್ತರ ಸಿಗುವುದುಂಟು. ದಲಿತರಿಗೂ ಈ ಉತ್ತರ ಹೊಸದಲ್ಲ. ಹಾಗೆಂದು ಬೇರೆಯವರನ್ನಷ್ಟೇ ಬೈದರೆ ಸಾಲದು. ಉರ್ದು ಉಳಿಸಿ ಎಂದು ಜಲಸಾಗಳಲ್ಲಿ ಗುಡುಗುವ ನಮ್ಮ ಸಿರಿವಂತರು ಮನೆ ಕಟ್ಟುವುದು ಕಾನ್ವೆಂಟಿನ ಮಗ್ಗುಲಿಗೆ. ಉರ್ದು ಶಾಲೆಯ ಸೋರುವ ಸೂರನ್ನು ಕಂಡವರಲ್ಲಿ ಎಷ್ಟು ಜನ ಅದರ ಮೇಲುಸ್ತುವಾರಿ ಸಮಿತಿಗೆ ಬಂದಿದ್ದಾರೆ?

ಹಣವಿಲ್ಲ ಎಂಬ ಮಾತು ಈ ಜಿಲ್ಲೆಯಲ್ಲಿ ನಡೆಯುವುದಿಲ್ಲ. 2015ರ ತಿದ್ದುಪಡಿಯಂತೆ ಗಣಿಗಾರಿಕೆ ನಡೆಯುವ ಜಿಲ್ಲೆಗಳಿಗೆ ಖನಿಜ ಪ್ರತಿಷ್ಠಾನದ ನಿಧಿಯಿದೆ. ಶಿಕ್ಷಣ ಅದರ ಆದ್ಯತೆಯ ಪಟ್ಟಿಯಲ್ಲಿದೆ. ಸಂವಿಧಾನದ 371(ಜೆ) ವಿಧಿಯ ಬಲವೂ ಇದೆ. ಹೊಸ ಲೇಔಟುಗಳ ಸೌಲಭ್ಯದ ಜಾಗದಲ್ಲಿ ಮೊದಲ ಹಕ್ಕು ಸರಕಾರಿ ಶಾಲೆಗೆ ಸಿಗಲಿ. ಅದಕ್ಕೂ ಮುಂಚೆ ಸಿರುಗುಪ್ಪ, ಕುರುಗೋಡು, ಕೌಲ್‌ಬಜಾರಿನ ಶಾಲೆಗಳಲ್ಲಿ ಖಾಲಿ ಬಿದ್ದಿರುವ ಮೇಷ್ಟ್ರ ಹುದ್ದೆಗಳೆಷ್ಟು ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಪ್ರತಿ ಜೂನಿನಲ್ಲಿ ಆಯಾ ಶಾಲೆಯ ಗೋಡೆಯ ಮೇಲೆ ಅಂಟಿಸಲಿ.