ಅಭಿಮಾನವು ಅವಮಾನಕ್ಕೆ ಅಸ್ತ್ರವಾದಾಗ

ಆಟದಲ್ಲಿ ಸೋಲು ಗೆಲುವು ಸಹಜ ಎಂಬ ಮಾತನ್ನು ನಮ್ಮ ಮಕ್ಕಳು ಶಾಲೆಯ ಕ್ರೀಡಾಕೂಟಗಳಲ್ಲಿ ಪ್ರತಿ ವರ್ಷವೂ ಕೇಳುತ್ತಾರೆ. ಬಹುಮಾನ ವಿತರಣೆಗೆ ಬಂದ ಅತಿಥಿಗಳು ಅದನ್ನು ತಪ್ಪದೆ ಹೇಳುತ್ತಾರೆ. ಆದರೆ ಇಂದು ಪಂದ್ಯ ಮುಗಿದ ಮರುಕ್ಷಣವೇ ಮೊಬೈಲ್ ಪರದೆಯ ಮೇಲೆ ಆರಂಭವಾಗುವ ಎರಡನೆಯ ಆಟವನ್ನು ಕಂಡವರಿಗೆ, ಆ ಹಿತವಚನ ಯಾರ ಕಿವಿಗೂ ಬಿದ್ದಂತಿಲ್ಲ ಎನ್ನಿಸದಿರದು.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ನಾಕೌಟ್ ಪಂದ್ಯ ನಡೆಯಿತು. ನಿಗದಿತ ಅವಧಿಯಲ್ಲಿ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ದೊರೆತ ಫ್ರೀ ಕಿಕ್ಕನ್ನು ಸುನಿಲ್ ಛೇತ್ರಿಯವರು ಎದುರಾಳಿಗಳು ಸಜ್ಜಾಗುವ ಮೊದಲೇ ಒದ್ದು ಗೋಲು ಗಳಿಸಿದರು. ರೆಫರಿ ಅದನ್ನು ಮಾನ್ಯ ಮಾಡಿದರು. ಕೇರಳ ತಂಡ ಪ್ರತಿಭಟಿಸಿ ಮೈದಾನದಿಂದ ಹೊರನಡೆಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು. ಆ ಗೋಲು ಸರಿಯೇ ತಪ್ಪೇ ಎಂದು ಆಟ ಬಲ್ಲವರು ಇಂದಿಗೂ ವಾದಿಸಬಹುದು. ವಾದ ಮಾಡುವುದು ತಪ್ಪಲ್ಲ. ಆದರೆ ಆ ರಾತ್ರಿಯಿಂದ ಸಾಮಾಜಿಕ ಜಾಲತಾಣಗಳಲ್ಲಿ ಛೇತ್ರಿಯವರ ಮೇಲೆ ಸುರಿದದ್ದು ವಾದವಲ್ಲ, ಬೈಗುಳ. ಭಾರತದ ಪರವಾಗಿ ಎಲ್ಲರಿಗಿಂತ ಹೆಚ್ಚು ಗೋಲು ಗಳಿಸಿದ ಆಟಗಾರ ಒಂದೇ ರಾತ್ರಿಯಲ್ಲಿ ಶತ್ರುವಾದರು.

ಇದು ನೆರೆಯವರ ದೋಷವೆಂದು ನಾವು ಕನ್ನಡಿಗರು ಸಮಾಧಾನಪಡುವಂತಿಲ್ಲ. ಅದೇ ವರ್ಷದ ಮೇ 21ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗುಜರಾತ್ ತಂಡದ ಶುಭಮನ್ ಗಿಲ್ ಶತಕ ಬಾರಿಸಿದರು. ನಮ್ಮ ಆರ್‌ಸಿಬಿ ಪ್ಲೇ ಆಫ್ ಹಂತ ತಲುಪದೆ ಹೊರಬಿತ್ತು. ಅಂದು ಕೆಲವು ಅಭಿಮಾನಿಗಳು ಗಿಲ್ಲರನ್ನಷ್ಟೇ ಅಲ್ಲ, ಅವರ ಸಹೋದರಿಯನ್ನೂ ಹೀನಾಯವಾಗಿ ನಿಂದಿಸಿದರು. ಆ ಹೆಣ್ಣುಮಗಳು ಬ್ಯಾಟು ಹಿಡಿದವಳಲ್ಲ, ಯಾರ ವಿಕೆಟನ್ನೂ ಕಿತ್ತವಳಲ್ಲ. ಆ ದಿನವೇ ಧರ್ಮಸಭೆಯು ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸುತ್ತಿತ್ತು. ಹೃದಯದಿಂದ ಮಾತನಾಡಿರಿ, ಸತ್ಯವನ್ನೂ ಪ್ರೀತಿಯಿಂದಲೇ ನುಡಿಯಿರಿ ಎಂಬುದು ಅಂದು ದಿವಂಗತ ಪೋಪ್ ಫ್ರಾನ್ಸಿಸ್ ಅವರು ನೀಡಿದ್ದ ಸಂದೇಶದ ಸಾರ. ಬೆಳಿಗ್ಗೆ ದೇವಾಲಯದಲ್ಲಿ ಆ ಸಂದೇಶ, ರಾತ್ರಿ ಬೆರಳ ತುದಿಯಲ್ಲಿ ಆ ವಿಷ!

ಯಾಪಲದಿನ್ನಿಗೆ ಬೆಂಗಳೂರು ದೂರ. ಲಂಡನ್ನಿನ ವೆಂಬ್ಲಿ ಮೈದಾನ ಇನ್ನೂ ದೂರ. 2021ರ ಜುಲೈ 11ರಂದು ಅಲ್ಲಿ ಯುರೋಪಿಯನ್ ಫುಟ್‌ಬಾಲ್ ಫೈನಲಿನಲ್ಲಿ ಪೆನಾಲ್ಟಿ ತಪ್ಪಿಸಿಕೊಂಡ ಇಂಗ್ಲೆಂಡಿನ ಮೂವರು ಕಪ್ಪುವರ್ಣೀಯ ಯುವಕರನ್ನು ಅವರ ಮೈಬಣ್ಣ ಹಿಡಿದು ಹಂಗಿಸಲಾಯಿತು. ಅವರಲ್ಲೊಬ್ಬರಿಗೆ ಆಗ ಕೇವಲ 19 ವರ್ಷ. ಇಂಥ ಮಾತು ವೆಂಬ್ಲಿಯಿಂದ ನಮ್ಮ ಹಳ್ಳಿಗೆ ಬರಲು ಇಂದು ಕ್ಷಣಮಾತ್ರ ಸಾಕು. ನಮ್ಮ ಹಳ್ಳಿಯಿಂದ ಹೊರಡಲೂ ಅಷ್ಟೇ ಸಾಕು. ದೇವದುರ್ಗದ ಹುಡುಗರು ಮಾನ್ವಿಯ ಹುಡುಗರೊಡನೆ ಆಡಿ ಸೋತರೆ ಒಂದೆರಡು ಬಿರುನುಡಿ ಬರಬಹುದು. ಆದರೆ ಮರುದಿನ ಸಂತೆಯಲ್ಲೋ ಬಸ್ಸಿನಲ್ಲೋ ಅದೇ ಮುಖವನ್ನು ಕಾಣಬೇಕಾದ್ದರಿಂದ ನಾಲಿಗೆಗೆ ತಾನಾಗಿಯೇ ಕಡಿವಾಣ ಬೀಳುತ್ತದೆ. ಮೊಬೈಲಿಗೆ ಆ ಸಂತೆಯಿಲ್ಲ. ಅಲ್ಲಿ ಬೈದವನಿಗೆ ಎದುರಿನ ಮುಖವೂ ಕಾಣದು, ಆ ಮುಖದ ಕಣ್ಣೀರೂ ಕಾಣದು.

ಇದರ ಇನ್ನೊಂದು ಮುಖ, ಮಾತುಮಾತಿಗೂ ಅವಮಾನವಾಯಿತೆಂದು ಕೆರಳುವ ಸ್ವಭಾವ. ತಂಡ ಸೋತರೆ ನಿರಾಶೆಯಾಗುವುದು ಸಹಜ. ಆದರೆ ಅಭಿಮಾನಿಯು ನಿರಾಶೆಯನ್ನು ಅವಮಾನವೆಂದು ಬಗೆದೊಡನೆ ಅವಮಾನ ಮಾಡಿದವನೊಬ್ಬನನ್ನು ಹುಡುಕತೊಡಗುತ್ತಾನೆ. ರೆಫರಿ, ಆಟಗಾರ, ಆಟಗಾರನ ಮನೆಯವರು, ಕೊನೆಗೆ ಅವನ ಜಾತಿ ಮತ. ಹೀಗೆ ಬೈಸಿಕೊಂಡವರ ಕಡೆಯವರಿಗೂ ಅವಮಾನವಾಗುತ್ತದೆ, ಅವರೂ ಬೈಯುತ್ತಾರೆ. ಇಬ್ಬರೂ ತಾವೇ ನೊಂದವರೆಂದು ನಂಬಿರುವುದರಿಂದ ಈ ಜಗಳಕ್ಕೆ ಕೊನೆಯೇ ಇಲ್ಲ.

ಈ ವಿಷಯ ನಮ್ಮ ಬಾಗಿಲಿಗೂ ಬಂದದ್ದುಂಟು. 2025ರ ಅಕ್ಟೋಬರ್ 30ರಂದು ಮಹಿಳಾ ವಿಶ್ವಕಪ್ ಸೆಮಿಫೈನಲಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅಜೇಯ 127 ರನ್ ಗಳಿಸಿ ಭಾರತವನ್ನು ಗೆಲ್ಲಿಸಿದ, ಮಂಗಳೂರು ಮೂಲದ ಕ್ರೈಸ್ತ ಕುಟುಂಬದ ಜೆಮಿಮಾ ರಾಡ್ರಿಗಸ್ ಅವರು ಪ್ರಭು ಯೇಸುವಿಗೆ ಕೃತಜ್ಞತೆ ಸಲ್ಲಿಸಿದರು. ದೇಶವೇ ಮೆಚ್ಚಿದ ಆ ಗಳಿಗೆಯಲ್ಲೂ ಕೆಲವರು ಆ ಮಾತಿಗಾಗಿ ಅವರನ್ನು ಹಂಗಿಸಿದರು. ನಮಗೆ ನೋವಾಯಿತು; ಆಗಬೇಕಾದದ್ದೇ. ಆದರೆ ಇಲ್ಲೊಂದು ಆತ್ಮಪರೀಕ್ಷೆ ಅಗತ್ಯ. 2021ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಎದುರು ಸೋತಾಗ ಮಹಮ್ಮದ್ ಶಮಿಯವರನ್ನು ಅವರ ಮತದ ಹೆಸರಿನಲ್ಲಿ ನಿಂದಿಸಲಾಯಿತು. 2022ರ ಸೆಪ್ಟೆಂಬರಿನಲ್ಲಿ ಒಂದು ಕ್ಯಾಚ್ ಬಿಟ್ಟ ಅರ್ಶದೀಪ್ ಸಿಂಗ್ ಅವರನ್ನು ದೇಶದ್ರೋಹಿಯೆಂದು ಹೀಗಳೆಯಲಾಯಿತು. ಆಗಲೂ ನಮಗೆ ಇಷ್ಟೇ ನೋವಾಯಿತೇ? ನಮ್ಮವರೆಂಬ ಕಾರಣಕ್ಕೆ ಮಾತ್ರ ನೊಂದರೆ ಅದು ಬರಿಯ ಪಕ್ಷಾಭಿಮಾನ. ಯಾರಿಗೇ ಆದರೂ ಅನ್ಯಾಯವೆಂಬ ಕಾರಣಕ್ಕೆ ನೊಂದರೆ ಮಾತ್ರ ಅದು ನ್ಯಾಯಪ್ರಜ್ಞೆ.

ಕಾನೂನು ಕೈಕಟ್ಟಿ ಕುಳಿತಿಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ ಅವರು ನಟರೊಬ್ಬರ ಅಭಿಮಾನಿಗಳೆಂದು ಹೇಳಿಕೊಂಡವರ ಅಶ್ಲೀಲ ನಿಂದನೆಯ ವಿರುದ್ಧ 43 ಖಾತೆಗಳನ್ನು ಹೆಸರಿಸಿ ಬೆಂಗಳೂರು ಪೊಲೀಸರಿಗೆ ದೂರಿತ್ತಾಗ ಬಂಧನಗಳು ನಡೆದವು. ಬೆದರಿಕೆ, ಅಶ್ಲೀಲತೆ, ಮತದ್ವೇಷಗಳಿಗೆ ಶಿಕ್ಷೆ ಇರಲೇಬೇಕು. ಹಾಗೆಂದು ಕಿರಿಕಿರಿಯಾದ ಪ್ರತಿ ಮಾತಿಗೂ ಠಾಣೆಯ ಮೆಟ್ಟಿಲೇರುವುದೂ ಸಲ್ಲದು. ಕಿರಿಕಿರಿಯನ್ನೂ ಅಪರಾಧವೆಂದು ಬಗೆದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಟೀಕೆಯನ್ನು ತಾಳಿಕೊಳ್ಳಬೇಕು, ಹಿಂಸೆಯನ್ನು ತಡೆಯಬೇಕು. ಈ ವಿವೇಕವನ್ನು ನ್ಯಾಯಾಲಯಕ್ಕಿಂತ ಮೊದಲು ಮನೆಯೇ ಕಲಿಸಬೇಕು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದರು. ದೇವರನ್ನು ಸ್ತುತಿಸುವ ಬಾಯಿಂದಲೇ ಮನುಷ್ಯನನ್ನು ಶಪಿಸುವುದು ತರವಲ್ಲವೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿದರು. ಇಂದು ಬಾಯಿಯ ಕೆಲಸವನ್ನು ಹೆಬ್ಬೆರಳು ಮಾಡುತ್ತಿದೆ, ಅಷ್ಟೇ ವ್ಯತ್ಯಾಸ. ತಂದೆತಾಯಿಗಳು ಮಕ್ಕಳಿಗೆ ಒಂದು ಸರಳ ನಿಯಮ ಹೇಳಿಕೊಡಲಿ: ಬರೆದದ್ದನ್ನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಲು ಸಾಧ್ಯವಿಲ್ಲದಿದ್ದರೆ ಕಳುಹಿಸಬಾರದು. ಬೇರೆಯವರು ಬರೆದ ನಿಂದೆಯನ್ನು ಮುಂದೆ ದಾಟಿಸುವುದೂ ನಿಂದೆಯೇ. ಈ ನಿಯಮ ಹಿರಿಯರಿಗೂ ಅನ್ವಯಿಸುತ್ತದೆ. ಮಕ್ಕಳು ಕಲಿಯುವುದು ನಮ್ಮ ಉಪದೇಶದಿಂದಲ್ಲ, ನಮ್ಮ ಮೊಬೈಲಿನಿಂದ.

ಮುಂದಿನ ಪಂದ್ಯದಲ್ಲೂ ಯಾರೋ ಒಬ್ಬರು ಕ್ಯಾಚ್ ಬಿಡುತ್ತಾರೆ, ಯಾರೋ ಒಬ್ಬರು ಪೆನಾಲ್ಟಿ ತಪ್ಪಿಸಿಕೊಳ್ಳುತ್ತಾರೆ. ಅವರಿಗೂ ತಾಯಿಯುಂಟು, ತಂಗಿಯುಂಟು. ಅಂದು ನಮ್ಮ ಮನೆಗಳಿಂದ ಅವರತ್ತ ಒಂದು ಕೆಟ್ಟ ಮಾತೂ ಹೊರಡದಿರಲಿ.