ಒಂದು ನದಿ, ಎರಡು ದಡ: ಸಿನ್ಸಿನಾಟಿಯ ದಾರಿಯಲ್ಲಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬರುವ ನಮ್ಮ ಹಿರಿಯರ ಪ್ರವಾಸದ ಪಟ್ಟಿ ಬಹುಮಟ್ಟಿಗೆ ಒಂದೇ ಬಗೆಯದು. ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆ, ನಯಾಗರಾ ಜಲಪಾತ, ವಾಷಿಂಗ್ಟನ್ನಿನ ಶ್ವೇತಭವನ, ದಿನಗಳು ಉಳಿದರೆ ಗ್ರ್ಯಾಂಡ್ ಕ್ಯಾನ್ಯನ್. ನಡುವೆ ಹರಡಿಕೊಂಡ ಮಿಡ್‌ವೆಸ್ಟ್ ಎಂಬ ಬಯಲು ಸೀಮೆ ವಿಮಾನದ ಕಿಟಕಿಯ ಕೆಳಗೆ ಸರಿದುಹೋಗುತ್ತದೆ. ಆದರೆ ಆ ದೇಶ ಹೇಗೆ ಬೆಳೆಯಿತು, ಯಾರ ದುಡಿಮೆಯಿಂದ ಬೆಳೆಯಿತು ಎಂದು ತಿಳಿಯಬೇಕಾದರೆ ಅಲ್ಲಿನ ನದಿಯೂರುಗಳಲ್ಲಿ ಓಡಾಡಬೇಕು. ರೈಲು ಬರುವ ಮುಂಚೆ ಆ ಸೀಮೆಗೆ ನದಿಯೇ ಹೆದ್ದಾರಿ. ಒಂದೇ ಒಂದು ಊರು ನೋಡಲು ಬಿಡುವಿದೆ ಎಂದವರಿಗೆ ನಾನು ಸಿನ್ಸಿನಾಟಿಯ ಹೆಸರು ಹೇಳುತ್ತೇನೆ. ತಿನ್ನಲು, ಕೊಳ್ಳಲು, ನೋಡಲು ಅಲ್ಲಿ ಬೇಕಾದಷ್ಟಿದೆ. ಈ ಮೂರರ ಬೇರೂ ಓಹಾಯೋ ನದಿಯಲ್ಲೇ ಇದೆ. ಊರಿಗೆ ಅನ್ನ ಕೊಟ್ಟ ನದಿ ಅದು. ಮನುಷ್ಯರನ್ನು ಒಡೆಯರು, ಗುಲಾಮರು ಎಂದು ಬೇರ್ಪಡಿಸಿದ ಗಡಿಯೂ ಅದೇ. ಆ ಅನ್ನ ಉಂಡವರು ಆ ಗಡಿಯನ್ನೂ ನೋಡಿಯೇ ಬರಬೇಕು ಎಂಬುದು ನನ್ನ ಮಾತು.

ಪಿಟ್ಸ್‌ಬರ್ಗಿನಲ್ಲಿ ಎರಡು ನದಿಗಳು ಕೂಡಿ ಓಹಾಯೋ ಆಗುತ್ತದೆ. ಅಲ್ಲಿಂದ 981 ಮೈಲಿ ಹರಿದು ಇಲಿನಾಯ್‌ನ ಕೈರೋ ಎಂಬಲ್ಲಿ ಮಿಸಿಸಿಪ್ಪಿಯನ್ನು ಸೇರುತ್ತದೆ. 1788ರಲ್ಲಿ ಅದರ ಉತ್ತರ ದಂಡೆಯಲ್ಲಿ ತಲೆಯೆತ್ತಿದ ಊರು ಸಿನ್ಸಿನಾಟಿ. ಎದುರು ದಂಡೆಯಲ್ಲಿ ಕೆಂಟಕಿ ರಾಜ್ಯದ ಕವಿಂಗ್ಟನ್ ಮತ್ತು ನ್ಯೂಪೋರ್ಟ್. ಓಹಾಯೋ ನದಿಯ ಉತ್ತರಕ್ಕೆ ಗುಲಾಮಗಿರಿ ಕೂಡದೆಂದು 1787ರ ಶಾಸನ ಹೇಳಿತ್ತು. ಕೆಂಟಕಿಯಲ್ಲಿ ಅದು ಕಾನೂನುಬದ್ಧವಾಗಿತ್ತು. ಹಾಗಾದರೆ ನದಿ ಯಾರದು? ವರ್ಜೀನಿಯಾ ತನ್ನ ವಾಯವ್ಯದ ನೆಲವನ್ನು ಒಕ್ಕೂಟಕ್ಕೆ ಬಿಟ್ಟುಕೊಟ್ಟಾಗ ನದಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಮುಂದೆ ವರ್ಜೀನಿಯಾದಿಂದಲೇ ಬೇರೆಯಾಗಿ 1792ರಲ್ಲಿ ರಾಜ್ಯವಾದ ಕೆಂಟಕಿಗೆ ಆ ನೀರು ಬಂತು. ಉತ್ತರ ದಂಡೆಯಲ್ಲಿ 1792ರಲ್ಲಿ ನೀರು ಇಳಿದು ನಿಲ್ಲುತ್ತಿದ್ದ ಗೆರೆಯೇ ಇಂದಿಗೂ ಗಡಿ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ತೀರ್ಪು ಕೊಟ್ಟಿದೆ. ಕೆಂಟಕಿಯಿಂದ ತಪ್ಪಿಸಿಕೊಂಡು ದೋಣಿ ಹತ್ತಿದ ಗುಲಾಮನಿಗೆ ಇದರ ಅರ್ಥ ಏನಿದ್ದೀತು ಎಂದು ಯೋಚಿಸಿ. ನಡುನೀರು ದಾಟಿದರೂ ಅವನು ಒಡೆಯನ ಸೀಮೆಯಲ್ಲೇ ಇದ್ದ. ಆಚೆ ದಂಡೆಯ ಕೆಸರಿಗೆ ಕಾಲಿಡುವವರೆಗೂ ಅವನು ಆ ಸೀಮೆ ದಾಟಿದಂತಾಗಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಎರಡೂ ದಂಡೆಗಳನ್ನು ಜೋಡಿಸುವ ರೋಬ್ಲಿಂಗ್ ತೂಗುಸೇತುವೆಯ ಮೇಲೆ ನಡೆಯಬೇಕು. ಜಾನ್ ರೋಬ್ಲಿಂಗ್ ಜರ್ಮನಿಯಿಂದ ಬಂದ ಎಂಜಿನಿಯರ್. ಕೆಲಸ 1856ರಲ್ಲಿ ಶುರುವಾಯಿತು. ಮರುವರ್ಷದ ಹಣಕಾಸಿನ ಕುಸಿತ, ಆಮೇಲೆ ಅಂತರ್ಯುದ್ಧ ಅದನ್ನು ತಡೆದವು. 1866ರ ಡಿಸೆಂಬರಿನಲ್ಲಿ ಜನ ಅದರ ಮೇಲೆ ನಡೆದಾಗ ಗುಲಾಮಗಿರಿ ಕಾನೂನಿನಲ್ಲಿ ಮುಗಿದು ಒಂದು ವರ್ಷವಾಗಿತ್ತು. ಎರಡು ಕಲ್ಲುಗೋಪುರಗಳ ನಡುವೆ 1,057 ಅಡಿ. ಆ ಹೊತ್ತಿಗೆ ಜಗತ್ತಿನ ಅತಿ ಉದ್ದದ ತೂಗು ಅಂತರ. ಇದೇ ರೋಬ್ಲಿಂಗ್ ಮುಂದೆ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ನಕ್ಷೆ ಹಾಕಿದ್ದು. ಪಕ್ಕದ ಕಾಲುಹಾದಿಯಲ್ಲಿ ನಡೆದರೆ ಸಾವಕಾಶವಾಗಿ ಹತ್ತು ಹದಿನೈದು ನಿಮಿಷದಲ್ಲಿ ಆಚೆ ರಾಜ್ಯದಲ್ಲಿರುತ್ತೀರಿ. ಈ ಸಲೀಸು ದಾಟುವಿಕೆಗಾಗಿ ಎಷ್ಟು ಜನ ಪ್ರಾಣ ಪಣಕ್ಕಿಟ್ಟಿದ್ದರು ಎಂಬುದು ಅಲ್ಲಿ ನಿಂತಾಗ ಮನಸ್ಸಿಗೆ ತಟ್ಟುತ್ತದೆ.

ಈಗ ಊಟದ ಮಾತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಸಿನ್ಸಿನಾಟಿಗೆ ಪೋರ್ಕೋಪೊಲಿಸ್, ಅಂದರೆ ಹಂದಿಪಟ್ಟಣ ಎಂಬ ಅಡ್ಡಹೆಸರಿತ್ತು. ಸುತ್ತಲ ರೈತರು ಮೆಕ್ಕೆಜೋಳವನ್ನು ಜೋಳವಾಗಿ ಮಾರುವುದಕ್ಕಿಂತ ಹಂದಿಗೆ ತಿನ್ನಿಸಿ ಹಂದಿಯನ್ನು ಮಾರಿದರೆ ಲಾಭ ಎಂದು ಕಂಡುಕೊಂಡಿದ್ದರು. ಚಳಿಗಾಲ ಬಂತೆಂದರೆ ಹಂದಿಯ ಹಿಂಡುಗಳನ್ನು ಊರಿನ ಬೀದಿಗಳಲ್ಲೇ ಹೊಡೆದುಕೊಂಡು ಬರುತ್ತಿದ್ದರು. ಕಡಿದು, ಉಪ್ಪು ಹಾಕಿ, ಪೀಪಾಯಿಗೆ ತುಂಬಿದ ಮಾಂಸ ಉಗಿದೋಣಿ ಏರಿ ದಕ್ಷಿಣಕ್ಕೆ ಇಳಿಯುತ್ತಿತ್ತು. ದಕ್ಷಿಣಕ್ಕೆ ಎಂದರೆ ಗುಲಾಮರು ದುಡಿಯುತ್ತಿದ್ದ ಹತ್ತಿ ಮತ್ತು ಕಬ್ಬಿನ ತೋಟಗಳ ಕಡೆಗೆ. ಗುಲಾಮಗಿರಿ ಇಲ್ಲದ ಊರಿನ ತಿಜೋರಿ ಗುಲಾಮಗಿರಿಯ ಮಾರುಕಟ್ಟೆಯಿಂದ ತುಂಬಿತು. ಅಂತರ್ಯುದ್ಧದ ಹೊತ್ತಿಗೆ ರೈಲಿನ ಬಲದಿಂದ ಶಿಕಾಗೊ ಈ ವ್ಯಾಪಾರವನ್ನು ಕಸಿದುಕೊಂಡಿತು.

ಮಾಂಸ ಹೋದ ಮೇಲೆ ಉಳಿದ ಕೊಬ್ಬಿನಿಂದ ಇನ್ನೊಂದು ಸಾಮ್ರಾಜ್ಯ ಎದ್ದಿತು. ಮೇಣದಬತ್ತಿ ಮಾಡುತ್ತಿದ್ದ ವಿಲಿಯಂ ಪ್ರಾಕ್ಟರ್, ಸಾಬೂನು ಮಾಡುತ್ತಿದ್ದ ಜೇಮ್ಸ್ ಗ್ಯಾಂಬಲ್ ಅಕ್ಕ–ತಂಗಿಯರನ್ನು ಮದುವೆಯಾಗಿ ಷಡ್ಡಕರಾದವರು. ಇಬ್ಬರಿಗೂ ಬೇಕಾದದ್ದು ಅದೇ ಕೊಬ್ಬು. ಮಾವನ ಸಲಹೆಯಂತೆ 1837ರಲ್ಲಿ ಪಾಲುದಾರರಾದರು. ನಮ್ಮ ಕಿರಾಣಿ ಅಂಗಡಿಗಳಲ್ಲಿ ತೂಗುವ ಏರಿಯಲ್, ಟೈಡ್ ಪುಡಿಯ ಪೊಟ್ಟಣಗಳ ಹಿಂದೆ ಇರುವುದು ಸಿನ್ಸಿನಾಟಿಯ ಆ ಕಂಪನಿಯೇ.

ಹಂದಿಯ ಕಾಲದ ರುಚಿ ಇನ್ನೂ ಉಳಿದಿರುವುದು ಗೆಟ್ಟಾ ಎಂಬ ತಿಂಡಿಯಲ್ಲಿ. ಜರ್ಮನ್ ವಲಸಿಗರ ಮನೆಗಳಲ್ಲಿ ಸ್ವಲ್ಪ ಮಾಂಸವನ್ನು ದೊಡ್ಡ ಸಂಸಾರಕ್ಕೆ ಸಾಲಿಸಲು ಒಡೆದ ಓಟ್ಸ್ ಸೇರಿಸಿ ಬೇಯಿಸುತ್ತಿದ್ದರು. ಅದು ಆರಿ ಗಟ್ಟಿಯಾದ ಮೇಲೆ ಬಿಲ್ಲೆ ಕತ್ತರಿಸಿ ಕಾವಲಿಯ ಮೇಲೆ ಗರಿಯಾಗುವಂತೆ ಹುರಿಯುತ್ತಿದ್ದರು. ಬಡತನದ ಜಾಣ್ಮೆಯಿಂದ ಹುಟ್ಟಿದ ಈ ತಿಂಡಿ ಇಂದು ಊರಿನ ಬೆಳಗಿನ ಹೆಮ್ಮೆ. ಇನ್ನೊಂದು ಖ್ಯಾತಿ ಸಿನ್ಸಿನಾಟಿ ಚಿಲ್ಲಿಗೆ. 1922ರಲ್ಲಿ ಮೆಸಿಡೋನಿಯಾದ ಕಿರಾಜಿಯೆಫ್ ಸಹೋದರರು ಎಂಪ್ರೆಸ್ ಎಂಬ ಅಂಗಡಿಯಲ್ಲಿ ಇದನ್ನು ಶುರುಮಾಡಿದರು. 1949ರಲ್ಲಿ ಗ್ರೀಸಿನಿಂದ ಬಂದಿದ್ದ ನಿಕೊಲಸ್ ಲ್ಯಾಂಬ್ರಿನಿಡಿಸ್ ಸ್ಕೈಲೈನ್ ತೆರೆದರು. ಸ್ಪಾಗೆಟ್ಟಿಯ ಮೇಲೆ ನುಣ್ಣಗೆ ಕೊಚ್ಚಿದ ದನದ ಮಾಂಸದ ತೆಳು ಸಾರು, ಅದರ ಮೇಲೆ ಸಣ್ಣಗೆ ತುರಿದ ಚೀಸಿನ ರಾಶಿ. ಇಷ್ಟಾದರೆ ತ್ರೀ–ವೇ. ಈರುಳ್ಳಿ ಅಥವಾ ರಾಜ್ಮಾದಂಥ ಬೀನ್ಸ್ ಒಂದನ್ನು ಸೇರಿಸಿದರೆ ಫೋರ್–ವೇ, ಎರಡನ್ನೂ ಸೇರಿಸಿದರೆ ಫೈವ್–ವೇ. ಸ್ಥಳೀಯರು ಫೋರ್ಕಿಗೆ ಸುತ್ತಿಕೊಳ್ಳುವುದಿಲ್ಲ, ಫೋರ್ಕಿನ ಅಂಚಿನಿಂದ ಕತ್ತರಿಸಿ ತಿನ್ನುತ್ತಾರೆ. ಬಾಗಿಲು ತೆರೆದರೆ ಮೂಗಿಗೆ ಬಡಿಯುವುದು ಚಕ್ಕೆಯ ಘಮ. ಪೂರ್ವ ಮೆಡಿಟರೇನಿಯನ್ ಅಡುಗೆಯ ಆ ಮಸಾಲೆ ಮಲೆನಾಡಿನ ಮೂಗಿಗೆ ಹೊಸದಲ್ಲ. ಮಾಂಸ ತಿನ್ನದವರಿಗೆ ಸ್ಕೈಲೈನಿನಲ್ಲಿ ಕಪ್ಪು ಬೀನ್ಸ್ ಮತ್ತು ಅನ್ನದ ಬಗೆಯೂ ಸಿಗುತ್ತದೆ. ಕೊನೆಗೆ 1870ರಿಂದ ನಡೆದುಬಂದ ಗ್ರೇಟರ್ಸ್ ಐಸ್‌ಕ್ರೀಂ. ಸಣ್ಣ ಪಾತ್ರೆಗಳಲ್ಲಿ ತಿರುಗಿಸುವಾಗಲೇ ಕರಗಿದ ಚಾಕೊಲೇಟು ಸುರಿದು, ಹೆಪ್ಪುಗಟ್ಟಿದ್ದನ್ನು ಒಡೆಯುತ್ತಾರೆ. ಹಾಗಾಗಿ ಬಾಯಿಗೆ ಬರುವ ಚಾಕೊಲೇಟು ತುಣುಕಲ್ಲ, ಗಡ್ಡೆ.

ಕೊಳ್ಳುವವರು ಮೊದಲು ಹೋಗಬೇಕಾದದ್ದು ಫಿಂಡ್ಲೆ ಮಾರ್ಕೆಟ್ಟಿಗೆ. 1855ರಿಂದ ತೆರೆದಿರುವ ಇದು ಓಹಾಯೋ ರಾಜ್ಯದಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯ ಸಾರ್ವಜನಿಕ ಮಾರುಕಟ್ಟೆ. ಕಬ್ಬಿಣದ ಚೌಕಟ್ಟಿನ ಉದ್ದನೆಯ ಚಾವಡಿ, ಒಳಗೆ ಕಸಾಯಿ ಅಂಗಡಿ, ಚೀಸು, ಮಸಾಲೆ, ಬ್ರೆಡ್ಡು. ಬೇಸಿಗೆಯಲ್ಲಿ ಹೊರಗೆ ರೈತರ ತರಕಾರಿ. ಸೋಮವಾರ ರಜೆ. ಮಾರುಕಟ್ಟೆ ಇರುವ ಬಡಾವಣೆ ಓವರ್–ದ–ರೈನ್. ಇಲ್ಲಿ ತುಂಬಿದ್ದ ಜರ್ಮನ್ನರು ಊರ ನಡುವಿನ ಮಯಾಮಿ–ಈರಿ ಕಾಲುವೆಯನ್ನು ತಮ್ಮ ತವರಿನ ರೈನ್ ನದಿಯೆಂದು ಕರೆದುಕೊಂಡರು. ಮುಂದೆ ಊರಿನವರು ಆ ಕಾಲುವೆ ಬತ್ತಿಸಿ ಅದರ ಹಾಸಿನಲ್ಲಿ ಸುರಂಗ ರೈಲಿಗೆ ದಾರಿ ತೋಡಿದರು. ಹಣ ಸಾಲದೆ ಅದರಲ್ಲಿ ಒಂದು ರೈಲೂ ಓಡಲಿಲ್ಲ. ಅದರ ಮೇಲೆ 1928ರಲ್ಲಿ ಸೆಂಟ್ರಲ್ ಪಾರ್ಕ್‌ವೇ ರಸ್ತೆ ತೆರೆಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಎಂದರೆ ದ್ವೇಷ ಉಕ್ಕಿ, 1918ರಲ್ಲಿ ಬ್ರೆಮೆನ್ ಬೀದಿ ರಿಪಬ್ಲಿಕ್ ಬೀದಿಯಾಯಿತು. ಊರು ಕಟ್ಟಿದವರನ್ನೇ ಅನುಮಾನಿಸುವ ರೋಗ ಯಾವ ದೇಶಕ್ಕೂ ಹೊಸದಲ್ಲ.

ನೆನಪಿಗೆ ಒಂದು ವಸ್ತು ಬೇಕೆನ್ನುವವರು ರುಕ್‌ವುಡ್ ಕುಂಭಕಲೆಯನ್ನು ನೋಡಬೇಕು. 1880ರಲ್ಲಿ ಮರಿಯಾ ಲಾಂಗ್‌ವರ್ತ್ ನಿಕೊಲ್ಸ್ ಎಂಬ ಮಹಿಳೆ ಸ್ಥಾಪಿಸಿದ ಕಾರ್ಖಾನೆ ಇದು. ಹೆಣ್ಣುಮಕ್ಕಳು ಉದ್ಯಮ ನಡೆಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಇಲ್ಲಿನ ಹೂದಾನಿ, ಟೈಲ್ ಬಿಲ್ಲೆಗಳ ಹೊಳಪು ಯುರೋಪಿನವರೆಗೂ ಹೆಸರು ಮಾಡಿತು. ನಡುವೆ ಮುಚ್ಚಿಹೋಗಿ ಮತ್ತೆ ಜೀವ ಪಡೆದು, ಈಗ ಓವರ್–ದ–ರೈನ್‌ನಲ್ಲೇ ಕೆಲಸ ನಡೆಯುತ್ತಿದೆ.

ಆ ಬಿಲ್ಲೆಗಳ ಸೊಗಸನ್ನು ಯೂನಿಯನ್ ಟರ್ಮಿನಲ್ ರೈಲು ನಿಲ್ದಾಣದ ಹಳೆಯ ಟೀ ಕೋಣೆಯಲ್ಲೂ ಕಾಣಬಹುದು. 1933ರಲ್ಲಿ ತೆರೆದ ಈ ಕಟ್ಟಡದ ಮುಂದೆ ನಿಂತರೆ 180 ಅಡಿ ಅಗಲದ ಅರ್ಧ ಗುಮ್ಮಟ ಆಕಾಶವನ್ನೇ ತುಂಬುತ್ತದೆ. ದಿನಕ್ಕೆ 216 ರೈಲುಗಳಿಗೆಂದು ಕಟ್ಟಿದ್ದು. ಒಳಗೋಡೆಗಳಿಗೆ ವಿನೋಲ್ಡ್ ರೈಸ್ ಎಂಬ ಜರ್ಮನ್ ಮೂಲದ ಕಲಾವಿದ ಗಾಜಿನ ಚೂರುಗಳಲ್ಲಿ ಚಿತ್ರ ಬರೆದ. ರಾಜಮಹಾರಾಜರನ್ನು ಬಿಟ್ಟು ಸಾಬೂನು ಕುದಿಸುವವರು, ಮಾಂಸ ಕಡಿಯುವವರು, ಮಡಕೆ ಮಾಡುವವರನ್ನು ಆತ ನಿಲ್ದಾಣದಲ್ಲಿ ನಿಲ್ಲಿಸಿದ. ಅದಕ್ಕಾಗಿ ಆತ ನೋಡಿದ್ದು ಅಲ್ಲಿನ ಕಾರ್ಖಾನೆಗಳಲ್ಲಿ ನಿಜವಾಗಿ ದುಡಿಯುತ್ತಿದ್ದವರ ಛಾಯಾಚಿತ್ರಗಳನ್ನು. 1972ರಲ್ಲಿ ಪ್ರಯಾಣಿಕ ರೈಲು ನಿಂತಿತು. ಹಿಂಭಾಗದ ಮೊಗಸಾಲೆಯನ್ನು ಕೆಡವಿದರು. ಅಲ್ಲಿದ್ದ ಕಾರ್ಮಿಕರ ಚಿತ್ರಗಳಲ್ಲಿ ಹೆಚ್ಚಿನ ಪಾಲನ್ನು ವಿಮಾನ ನಿಲ್ದಾಣಕ್ಕೆ ಸಾಗಿಸಿ ಉಳಿಸಿದರು. 1980ರಲ್ಲಿ ಇಲ್ಲಿ ತೆರೆದ ಶಾಪಿಂಗ್ ಮಾಲ್ ಕೆಲವೇ ವರ್ಷಗಳಲ್ಲಿ ಮುಚ್ಚಿತು. 1990ರಲ್ಲಿ ಇದು ವಸ್ತುಸಂಗ್ರಹಾಲಯವಾಯಿತು. ಕಟ್ಟಡ ಶಿಥಿಲವಾದಾಗ, 2014ರಲ್ಲಿ, ಹ್ಯಾಮಿಲ್ಟನ್ ಕೌಂಟಿಯ ಮತದಾರರು ಅದರ ದುರಸ್ತಿಗಾಗಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಳ್ಳಲು ಮತ ಹಾಕಿದರು. ನೆನಪಿಗೂ ಖರ್ಚಿದೆ, ಅದನ್ನು ಊರವರೇ ಹೊರಬೇಕು ಎಂದು ಒಪ್ಪಿಕೊಂಡ ಆ ಮತಕ್ಕೆ ನಾನು ಕೈ ಮುಗಿಯುತ್ತೇನೆ.

ನದಿಯ ಅಂಚಿನಲ್ಲಿ, ಎರಡು ದೊಡ್ಡ ಕ್ರೀಡಾಂಗಣಗಳ ನಡುವೆ, ಕೆಂಟಕಿಗೆ ಮುಖ ಮಾಡಿ ನಿಂತಿರುವುದು 2004ರಲ್ಲಿ ತೆರೆದ ನ್ಯಾಷನಲ್ ಅಂಡರ್‌ಗ್ರೌಂಡ್ ರೈಲ್‌ರೋಡ್ ಫ್ರೀಡಂ ಸೆಂಟರ್. ತಪ್ಪಿಸಿಕೊಂಡ ಗುಲಾಮರನ್ನು ಮನೆಯಿಂದ ಮನೆಗೆ ಗುಟ್ಟಾಗಿ ಉತ್ತರಕ್ಕೆ ಸಾಗಿಸಿದ ಜಾಲದ ನೆನಪಿಗೆ ಕಟ್ಟಿದ ಮನೆ. ಒಳಗೆ ಒಂದು ಮರದ ದಿಮ್ಮಿಗಳ ಎರಡಂತಸ್ತಿನ ಕೊಟ್ಟಿಗೆಯಿದೆ. ಕೆಂಟಕಿಯ ಮೇಸನ್ ಕೌಂಟಿಯ ಹೊಲವೊಂದರಿಂದ ಬಿಚ್ಚಿ ತಂದು ಜೋಡಿಸಿದ್ದು. ವ್ಯಾಪಾರಿಯೊಬ್ಬ ಮನುಷ್ಯರನ್ನು ಕೊಂಡು ತಂದು, ದಕ್ಷಿಣದ ಸಂತೆಗೆ ಸಾಗಿಸುವವರೆಗೆ ಇದರಲ್ಲಿ ಕೂಡಿಹಾಕುತ್ತಿದ್ದ. ಸಂಕೋಲೆ ಬಿಗಿಯುತ್ತಿದ್ದ ಕಬ್ಬಿಣದ ಬಳೆ ತೊಲೆಯಲ್ಲಿ ಇನ್ನೂ ಇದೆ. ಒಳಗೆ ಕಾಲಿಟ್ಟವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ.

ಹಾಗೆಂದು ಉತ್ತರ ದಂಡೆ ಪುಣ್ಯಭೂಮಿ ಆಗಿರಲಿಲ್ಲ. ಗುಲಾಮಗಿರಿಯನ್ನು ವಿರೋಧಿಸಿ ಬರೆಯುತ್ತಿದ್ದ ಜೇಮ್ಸ್ ಬರ್ನಿಯ ಪತ್ರಿಕೆಯ ಅಚ್ಚಿನ ಯಂತ್ರವನ್ನು 1836ರಲ್ಲಿ ಸಿನ್ಸಿನಾಟಿಯ ಗುಂಪೊಂದು ಒಡೆದು ಇದೇ ನದಿಗೆ ಎಸೆಯಿತು. ದಕ್ಷಿಣದ ಗಿರಾಕಿ ಮುನಿದರೆ ವ್ಯಾಪಾರ ಕೆಡುತ್ತದೆ ಎಂಬ ಭಯ ಊರಿನ ಗಣ್ಯರಿಗೂ ಇತ್ತು. 1850ರ ಪಲಾಯಿತ ಗುಲಾಮರ ಕಾನೂನು ಬಂದ ಮೇಲಂತೂ ದಂಡೆ ಮುಟ್ಟಿದರೂ ಬಿಡುಗಡೆಯಿರಲಿಲ್ಲ. 1856ರ ಜನವರಿಯಲ್ಲಿ ನದಿ ಹೆಪ್ಪುಗಟ್ಟಿದ್ದಾಗ ಮಾರ್ಗರೆಟ್ ಗಾರ್ನರ್ ಎಂಬ ತಾಯಿ ಸಂಸಾರದೊಂದಿಗೆ ಆ ಹಿಮದ ಮೇಲೆ ನಡೆದು ಸಿನ್ಸಿನಾಟಿ ಸೇರಿದಳು. ಬೆನ್ನಟ್ಟಿದವರು ಮನೆ ಸುತ್ತುವರಿದಾಗ, ಗುಲಾಮಗಿರಿಗೆ ಮರಳಿಸಲೊಪ್ಪದೆ ತನ್ನ ಪುಟ್ಟ ಮಗಳನ್ನು ತಾನೇ ಕೊಂದಳು. ಅವಳನ್ನು ಕೆಂಟಕಿಗೆ ವಾಪಸು ಕಳಿಸಲಾಯಿತು. ಓಹಾಯೋದಲ್ಲೇ ಹುಟ್ಟಿದ ಟೋನಿ ಮಾರಿಸನ್ 1987ರ ‘ಬಿಲವೆಡ್’ ಕಾದಂಬರಿಗೆ ಎತ್ತಿಕೊಂಡದ್ದು ಈ ತಾಯಿಯ ಸಂಕಟವನ್ನೇ. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ 1832ರಿಂದ 1850ರವರೆಗೆ ಬಾಳಿದ್ದೂ ಇದೇ ಊರಿನಲ್ಲಿ. ಆ ಕಾಲದ ಮನೆ ಈಗಲೂ ನೋಡಲು ಸಿಗುತ್ತದೆ.

ಮಕ್ಕಳು ಜೊತೆಗಿದ್ದರೆ 1875ರಲ್ಲಿ ತೆರೆದ ಮೃಗಾಲಯಕ್ಕೆ ಹೋಗಿಯೇ ಹೋಗುತ್ತೀರಿ. ಅಲ್ಲಿನ ಹಳೆಯ ಪಕ್ಷಿಮನೆಯನ್ನು ತಪ್ಪಿಸಬೇಡಿ. ಒಂದು ಕಾಲಕ್ಕೆ ಉತ್ತರ ಅಮೆರಿಕದ ಆಕಾಶವನ್ನು ಕೋಟಿಗಟ್ಟಲೆಯಲ್ಲಿ ಮುಚ್ಚುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊಟ್ಟಕೊನೆಯ ಹಕ್ಕಿ, ಮಾರ್ಥಾ, 1914ರ ಸೆಪ್ಟೆಂಬರ್ 1ರಂದು ಈ ಮೃಗಾಲಯದಲ್ಲಿ ಸತ್ತಿತು. ಸಂತೆಗೆ ಮಾಂಸವೆಂದು ಮನುಷ್ಯ ಬೇಟೆಯಾಡಿ, ಗೂಡು ಕಟ್ಟುವ ಕಾಡು ಕಡಿದು ಮುಗಿಸಿದ ಸಂತತಿ ಅದು. ಮೃಗಾಲಯ ಆ ಪಕ್ಷಿಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದೆ.

ಸಿನ್ಸಿನಾಟಿಯನ್ನು ನಾನು ಗೌರವಿಸುವುದು ಇದಕ್ಕಾಗಿಯೇ. ಅದು ತನ್ನ ಸಿಹಿಯನ್ನು ಮಾರುವ ದಾರಿಯಲ್ಲೇ ತನ್ನ ಕಹಿಯನ್ನೂ ತೆರೆದಿಟ್ಟಿದೆ. ಲೆಕ್ಕ ಇನ್ನೂ ಮುಗಿದಿಲ್ಲ. 2001ರಲ್ಲಿ ಓವರ್–ದ–ರೈನ್‌ನಲ್ಲಿ ಹತ್ತೊಂಬತ್ತರ ಹರೆಯದ ನಿರಾಯುಧ ಕಪ್ಪು ಯುವಕ ಪೊಲೀಸರ ಗುಂಡಿಗೆ ಬಲಿಯಾದಾಗ ಊರು ದಿನಗಟ್ಟಲೆ ಹೊತ್ತಿ ಉರಿಯಿತು. ಆಮೇಲೆ ಆ ಬಡಾವಣೆಗೆ ಹೊಸ ಬಣ್ಣ, ಹೊಸ ಹೋಟೆಲು, ಹೊಸ ಬಾಡಿಗೆ ಬಂದವು. ಹಳೆಯ ಬಡ ಕಪ್ಪು ಸಂಸಾರಗಳಲ್ಲಿ ಎಷ್ಟೋ ಆ ಬಾಡಿಗೆ ತೆರಲಾಗದೆ ಹೊರಬಿದ್ದವು. ಪ್ರವಾಸಿ ಮೆಚ್ಚುವ ಚಂದದ ಬೀದಿಗೆ ಯಾರು ಬೆಲೆ ತೆತ್ತರು ಎಂಬ ಪ್ರಶ್ನೆ ಹಂದಿಯ ಕಾಲದಲ್ಲಿ ಇದ್ದಂತೆ ಇಂದಿಗೂ ಇದೆ.

ಆದ್ದರಿಂದ ಹೋಗುವವರಿಗೆ ನನ್ನ ಸಲಹೆ ಇಷ್ಟು. ಬೆಳಿಗ್ಗೆ ಮೊದಲು ಫ್ರೀಡಂ ಸೆಂಟರಿಗೆ ಹೋಗಿ, ಅಲ್ಲಿಂದ ನೇರವಾಗಿ ಸೇತುವೆ ದಾಟಿ ಬನ್ನಿ. ಊಟ, ಸಂತೆ ಆಮೇಲಿರಲಿ. ಫಿಂಡ್ಲೆಯಲ್ಲಿ ಕೊಳ್ಳುವಾಗ ಸಣ್ಣ ಅಂಗಡಿಯವರ ಹತ್ತಿರ ಕೊಳ್ಳಿ, ಅವರ ಹಿರಿಯರು ಎಲ್ಲಿಂದ ಬಂದವರು ಎಂದು ಕೇಳಿ. ಮೊಮ್ಮಕ್ಕಳು ಜೊತೆಗಿದ್ದರೆ ನದಿಯ ಗಡಿ ಎಲ್ಲಿದೆ, ಯಾಕಿದೆ ಎಂಬುದನ್ನು ಅವರಿಗೆ ಕೈತೋರಿಸಿ ಹೇಳಿ. ಆ ದೇಶದಲ್ಲೇ ಬೆಳೆಯಲಿರುವ ನಮ್ಮ ಮಕ್ಕಳು ತಾವು ಕಾಲಿಟ್ಟ ನೆಲದ ಸಾಲವನ್ನು ಅರಿತು ಬೆಳೆಯಬೇಕು. ಅದನ್ನು ಅವರಿಗೆ ಹೇಳಿಕೊಡುವ ಹೊಣೆ ಹಿರಿಯರಾದ ನಮ್ಮದೂ ಹೌದು.