ತಾಳೆ ನೋಡುವ ಹೊತ್ತು

ನ್ಯಾಯಾಲಯದ ದೃಢೀಕೃತ ನಕಲಿನ ಕೊನೆಯಲ್ಲಿ ಸಾಮಾನ್ಯವಾಗಿ ಎರಡು ಸಹಿಗಳಿರುತ್ತವೆ: ನಕಲು ಮಾಡಿದವರದೊಂದು, ಮೂಲದೊಡನೆ ತಾಳೆ ನೋಡಿದವರದೊಂದು. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಬೆಳಗಿನ ಬಸ್ಸಿಗೆ ಬಂದ ಕಕ್ಷಿದಾರರು ಎರಡನೆಯ ಸಹಿಗಾಗಿ ಕಾಯುತ್ತ ಗೊಣಗುವುದುಂಟು. ಅವರ ಬೇಸರ ನನಗೆ ಅರ್ಥವಾಗುತ್ತದೆ.

ಗಣಕಯಂತ್ರದ ಲೋಕದಲ್ಲಿಯೂ ಇದೇ ಗೊಣಗಾಟವಿದೆ. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ತಂತ್ರಾಂಶವು ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳಿಗೆ ಪರಿಚಿತ. ಕಡತದ ಒಂದೊಂದು ಆವೃತ್ತಿಯನ್ನೂ ಅದು ಕಾದಿಡುತ್ತದೆ. ಕಡತದ ಅಕ್ಷರಗಳಿಂದಲೇ ಲೆಕ್ಕ ಹಾಕಿದ ‘ಹ್ಯಾಶ್’ ಎಂಬ ಗುರುತನ್ನು ಪ್ರತಿಯೊಂದಕ್ಕೂ ನೀಡುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಗುರುತು ಬೇರೆಯಾಗುತ್ತದೆ. ಲಕ್ಷಾಂತರ ಕಡತಗಳಿರುವಲ್ಲಿ ಈ ಲೆಕ್ಕಕ್ಕೆ ಹೊತ್ತು ಹಿಡಿಯುವುದರಿಂದ, 2023ರಲ್ಲಿ ಬಂದ 2.40ನೆಯ ಆವೃತ್ತಿಯು ಕಡತಗಳ ಸೂಚಿಯನ್ನು ಬರೆಯುವಾಗ ಅದರ ಕೊನೆಯ ಹ್ಯಾಶನ್ನು ಬಿಡುವ ಅವಕಾಶ ಕೊಟ್ಟಿತು. ಸೂಚಿ ಕೆಟ್ಟರೆ ಬಹುಮಟ್ಟಿಗೆ ಮತ್ತೆ ಸಿದ್ಧಪಡಿಸಬಹುದು. ಕಡತಗಳ ಒಡಲಿಗೆ ಮಾತ್ರ ಈ ವಿನಾಯಿತಿಯಿಲ್ಲ. ಎರಡು ಬೇರೆ ಕಡತಗಳಿಗೆ ಒಂದೇ ‘ಶಾ-1’ ಹ್ಯಾಶ್ ಬರುವಂತೆ ಮಾಡಬಹುದೆಂದು 2017ರಲ್ಲಿ ಸಂಶೋಧಕರು ತೋರಿಸಿದಾಗ, ಗಿಟ್ ನಿಧಾನವಾದರೂ ಅಂಥ ಮೋಸವನ್ನು ಪತ್ತೆಹಚ್ಚುವ ವಿಧಾನವನ್ನೇ ಆರಿಸಿಕೊಂಡಿತು.

ನಮ್ಮ ಕಾನೂನೂ ಈಗ ಅದೇ ಗುರುತನ್ನು ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ, ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಾಗಬೇಕು. ಅದರ ಒಂದು ಭಾಗಕ್ಕೆ ಪಕ್ಷಕಾರರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಇಲ್ಲಿಯೂ ಎರಡು ಸಹಿಗಳೇ!

ಇಚಲಕರಂಜಿಯ ಮಗ್ಗದ ಕಾರ್ಮಿಕರೊಬ್ಬರು ಬಾಕಿ ಮಜೂರಿಯ ಚೀಟಿಯ ಛಾಯಾಚಿತ್ರ ತಂದಿದ್ದರು. ಫೋನಿನಲ್ಲಿ ಜಾಗ ಸಾಲದೆಂದು ಮೂಲವನ್ನು ಅಳಿಸಿದ್ದರು. ವಾಟ್ಸಾಪ್‌ನಲ್ಲಿ ತಮ್ಮನಿಗೆ ಕಳಿಸಿದ ಪ್ರತಿಯಷ್ಟೇ ಉಳಿದಿತ್ತು. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ: ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಬೇರೆ. ಅಂಕಿ ತಿದ್ದಿದ್ದಾರೆಂದು ಎದುರು ಪಕ್ಷದವರು ವಾದಿಸಿದಾಗ, ಅಲ್ಲವೆಂದು ತೋರಿಸಲು ನನ್ನ ಕೈಯಲ್ಲಿ ಮೂಲವಿರಲಿಲ್ಲ. ಆ ಮನುಷ್ಯ ಸತ್ಯವನ್ನೇ ನುಡಿಯುತ್ತಿದ್ದರೆಂದು ನಾನು ಇಂದಿಗೂ ನಂಬಿದ್ದೇನೆ.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ: ಮಹತ್ವದ ಚಿತ್ರ, ಧ್ವನಿಮುದ್ರಣಗಳ ಮೂಲವನ್ನು ಅಳಿಸಬೇಡಿರಿ. ಕಳಿಸಬೇಕಾದರೆ ಚಿತ್ರವಾಗಿ ಕಳಿಸದೆ ‘ಡಾಕ್ಯುಮೆಂಟ್’ ಆಗಿ ಕಳಿಸಿರಿ. ಗಣಕಯಂತ್ರ ಕಲಿತ ಮಗನೋ ಮಗಳೋ ಮನೆಯಲ್ಲಿದ್ದರೆ, ಅಂದೇ ಅದರ ಹ್ಯಾಶ್ ತೆಗೆಸಿ ದಿನಾಂಕದೊಡನೆ ಬರೆದಿಡಿರಿ. ಅದಕ್ಕೆ ಹಿಡಿಯುವುದು ಕೆಲವು ನಿಮಿಷ ಮಾತ್ರ.